ಕರೆ ಬರುತ್ತದೆ, ಹೆಜ್ಜೆ ಬರುವುದಿಲ್ಲ: ಅಪ್ಪನ ವಾಚ್ ನಿಜಕ್ಕೂ ಕೆಟ್ಟಿದೆಯಾ?

ಪ್ರಶ್ನೆ: ನನ್ನ ಅಪ್ಪನಿಗೆ 68 ವರ್ಷ. ಶಿರಸಿಯಲ್ಲಿ ಅಣ್ಣನ ಮನೆಯಲ್ಲಿದ್ದಾರೆ, ನಾನಿರುವುದು ಬೆಂಗಳೂರಿನಲ್ಲಿ. ದಿನಾ ನಡೆಯಬೇಕು ಅಂತ ಡಾಕ್ಟರ್ ಹೇಳಿದ್ದಕ್ಕೆ ಎರಡು ವರ್ಷದ ಹಿಂದೆ ಒಂದು ಸ್ಮಾರ್ಟ್‌ವಾಚ್ ಕೊಡಿಸಿದ್ದೆ. ಎರಡೂವರೆ ಸಾವಿರದ್ದು, ಬ್ಲೂಟೂತ್ ಕಾಲಿಂಗ್ ಇರುವಂಥದ್ದು. ಹೋದ ತಿಂಗಳು ಅವರಿಗೆ ಹೊಸ ಆಂಡ್ರಾಯ್ಡ್ ಫೋನ್ ಕೊಡಿಸಿದೆ, ಅಲ್ಲಿಂದ ತೊಂದರೆ ಶುರುವಾಯಿತು. ಬ್ಲೂಟೂತ್ ಸೆಟ್ಟಿಂಗ್ಸ್‌ನಲ್ಲಿ ವಾಚ್ ಪೇರ್ ಆಗಿದೆ ಅಂತಲೇ ತೋರಿಸುತ್ತದೆ. ಕರೆ ಬಂದರೆ ವಾಚ್‌ನಲ್ಲೇ ಮಾತಾಡಬಹುದು. ಆದರೆ ಆ್ಯಪ್ ತೆರೆದರೆ 'ಡಿಸ್‌ಕನೆಕ್ಟೆಡ್'. ಹೆಜ್ಜೆ, ನಿದ್ದೆ, ಹಾರ್ಟ್ ರೇಟ್ ಯಾವುದೂ ಬರುವುದಿಲ್ಲ. ಒಮ್ಮೊಮ್ಮೆ ಬೆಳಿಗ್ಗೆ ವಾಕಿಂಗ್‌ಗೆ ಹೋದಾಗ ತಾನೇ ಕನೆಕ್ಟ್ ಆಗುತ್ತದಂತೆ, ಮನೆಗೆ ಬಂದು ಸ್ವಲ್ಪ ಹೊತ್ತಿಗೆ ಮತ್ತೆ ಹೋಗುತ್ತದಂತೆ. ಹಳೇ ಫೋನ್ ಈಗ ಅಣ್ಣನ ಮಗನ ಆಟಕ್ಕೆ ಇದೆ. ಅಂಗಡಿಯಲ್ಲಿ ತೋರಿಸಿದರೆ 'ವಾಚ್ ಹೋಗಿದೆ, ಹೊಸದು ತಗೊಳ್ಳಿ' ಅಂದರಂತೆ. ಮುಂದಿನ ವಾರ ಡಾಕ್ಟರ್ ಹತ್ತಿರ ಹೋಗಬೇಕು, ಒಂದು ತಿಂಗಳ ನಡಿಗೆಯ ಲೆಕ್ಕ ಬೇಕು. ವಾಚ್ ರೀಸೆಟ್ ಮಾಡಿಸಿಬಿಡಲಾ?

ಉತ್ತರ: ರೀಸೆಟ್ ಮಾಡಿಸಬೇಡಿ. ಹೊಸ ವಾಚ್ ಕೂಡ ಈಗಲೇ ತಗೊಳ್ಳಬೇಡಿ. ನಿಮ್ಮ ಪ್ರಶ್ನೆಯಲ್ಲೇ ಉತ್ತರದ ಮುಕ್ಕಾಲು ಭಾಗ ಇದೆ. ಮನೆಯಲ್ಲಿದ್ದಾಗ ಕನೆಕ್ಟ್ ಆಗುವುದಿಲ್ಲ, ವಾಕಿಂಗ್‌ಗೆ ಹೋದಾಗ ಆಗುತ್ತದೆ ಅಂತ ಬರೆದಿದ್ದೀರಿ. ಕೆಟ್ಟುಹೋದ ವಾಚ್ ಹೀಗೆ ಜಾಗ ನೋಡಿ ಕೆಲಸ ಮಾಡುವುದಿಲ್ಲ. ಮನೆಯಲ್ಲಿ ಇದ್ದು, ವಾಕಿಂಗ್ ದಾರಿಯಲ್ಲಿ ಇಲ್ಲದ ಒಂದು ವಸ್ತು ಅಡ್ಡ ಬರುತ್ತಿದೆ. ಅದು ಆ ಹಳೇ ಫೋನ್ ಅಂತ ನನ್ನ ಅಂದಾಜು. ಅಷ್ಟೇ ಅಲ್ಲ, ನೀವು ಕಳೆದುಹೋಯಿತು ಅಂದುಕೊಂಡಿರುವ ಒಂದು ತಿಂಗಳ ಹೆಜ್ಜೆಗಳು ಬಹುತೇಕ ಅದೇ ಫೋನ್‌ನಲ್ಲಿ ಕೂತಿರಬಹುದು. ಅದಕ್ಕೇ ಮೊದಲ ಸಾಲಿನಲ್ಲೇ ರೀಸೆಟ್ ಬೇಡ ಅಂದೆ.

ಇದು ಯಾಕೆ ಹೀಗೆ ಅಂತ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಗೊತ್ತಾದರೆ ಮುಂದಿನ ಸಲ ಯಾರನ್ನೂ ಕೇಳುವ ಅಗತ್ಯ ಬರುವುದಿಲ್ಲ.

ನಾವು 'ಸಿಂಕ್' ಅಂತ ಒಂದೇ ಮಾತಿನಲ್ಲಿ ಹೇಳುವುದು ಅಸಲಿಗೆ ಮೂರು ನಾಲ್ಕು ಬೇರೆ ಬೇರೆ ಕೆಲಸ. ವಾಚ್ ಹೆಜ್ಜೆ ಎಣಿಸಿ ತನ್ನ ಮೆಮೊರಿಯಲ್ಲಿ ಇಟ್ಟುಕೊಳ್ಳುತ್ತದೆ. ಅಲ್ಲಿಂದ ಬ್ಲೂಟೂತ್ ಮೂಲಕ ಫೋನ್‌ನ ಆ್ಯಪ್‌ಗೆ ಕೊಡುತ್ತದೆ. ಆ್ಯಪ್ ಅದನ್ನು ಇಂಟರ್ನೆಟ್ ಮೂಲಕ ಕಂಪನಿಯ ಸರ್ವರ್‌ಗೆ, ನಿಮ್ಮ ಅಕೌಂಟಿಗೆ ಕಳಿಸುತ್ತದೆ. ಇದರಲ್ಲಿ ಯಾವ ಕೊಂಡಿ ಕಳಚಿದೆ ಅಂತ ನೋಡದೆ ಎಲ್ಲವನ್ನೂ ಒಟ್ಟಿಗೆ ಅಳಿಸಿ ಮತ್ತೆ ಶುರು ಮಾಡುವುದೇ ರೀಸೆಟ್. ವಾಚ್ ಮೆಮೊರಿಯಲ್ಲಿ ಇನ್ನೂ ಫೋನ್‌ಗೆ ಹೋಗದೆ ಉಳಿದಿದ್ದ ಲೆಕ್ಕ ಆಗ ಪೂರ್ತಿ ಹೋಗುತ್ತದೆ, ಮತ್ತೆ ಯಾರಿಗೂ ಸಿಗುವುದಿಲ್ಲ. ನಾನು ಫೋನ್, ವಾಚ್ ರಿಪೇರಿ ಕೆಲಸಕ್ಕೆ ಇಳಿದ ಹೊಸದರಲ್ಲಿ ಹೀಗೆ ಒಬ್ಬರ ವಾಚನ್ನು ರೀಸೆಟ್ ಮಾಡಿಬಿಟ್ಟಿದ್ದೆ. ಆಪರೇಷನ್ ಆದ ಮೇಲೆ ಮೊದಲ ಸಲ ಒಬ್ಬರೇ ನಡೆದ ದಿನಗಳ ಲೆಕ್ಕ ಅದರಲ್ಲಿತ್ತು ಅಂತ ಅವರು ಆಮೇಲೆ ಹೇಳಿದರು. ಆವತ್ತಿನಿಂದ ನನ್ನ ಮೇಜಿಗೆ ಯಾವ ವಾಚ್ ಬಂದರೂ ರೀಸೆಟ್ ಅನ್ನುವುದು ಪಟ್ಟಿಯ ಕೊನೆಯಲ್ಲಿದೆ.

ಹಾಗಾಗಿ ಮೊದಲು ವಾಚ್ ಒಂದನ್ನೇ ನೋಡಿ. ಫೋನ್ ಮರೆತುಬಿಡಿ. ಅಪ್ಪ ಮನೆಯೊಳಗೆ ಐವತ್ತು ಹೆಜ್ಜೆ ನಡೆದಾಗ ವಾಚ್‌ನ ಪರದೆಯಲ್ಲಿ ಸಂಖ್ಯೆ ಏರುತ್ತದೆಯಾ? ಏರಿದರೆ ಸೆನ್ಸರ್ ಸರಿ ಇದೆ. ಕರೆ ಬರುತ್ತದೆ ಅಂದ ಮೇಲೆ ಬ್ಲೂಟೂತ್ ರೇಡಿಯೋ ಕೂಡ ಸರಿ ಇದೆ. ಹಾಗಿದ್ದರೆ 'ವಾಚ್ ಹೋಗಿದೆ' ಅನ್ನುವ ಮಾತು ಇಲ್ಲಿಗೇ ಮುಗಿಯಿತು. ವಾಚ್‌ನಲ್ಲಿ ಹಿಂದಿನ ದಿನಗಳ ಹೆಜ್ಜೆಯ ಪಟ್ಟಿ ಕಾಣುವುದಾದರೆ ಅದರ ಫೋಟೋ ತೆಗೆದಿಡಲು ಹೇಳಿ. ಹೆಚ್ಚಿನ ವಾಚ್‌ಗಳು ಕೆಲವು ದಿನಗಳ ಲೆಕ್ಕವನ್ನಷ್ಟೇ ಇಟ್ಟುಕೊಳ್ಳುತ್ತವೆ, ಆಮೇಲೆ ಹಳೆಯದರ ಮೇಲೆ ಹೊಸದನ್ನು ಬರೆಯುತ್ತಾ ಹೋಗುತ್ತವೆ.

ಈಗ ಎಲ್ಲರಿಗೂ ಗೊಂದಲ ಆಗುವ ಜಾಗಕ್ಕೆ ಬರೋಣ. ಕರೆ ಬರುತ್ತದೆ, ಹೆಜ್ಜೆ ಯಾಕೆ ಬರುವುದಿಲ್ಲ?

ಬ್ಲೂಟೂತ್ ಕಾಲಿಂಗ್ ಇರುವ ವಾಚ್‌ನಲ್ಲಿ ಸಾಮಾನ್ಯವಾಗಿ ಎರಡು ಬಗೆಯ ಬ್ಲೂಟೂತ್ ಸಂಪರ್ಕ ಇರುತ್ತದೆ. ಒಂದು ಹಳೇ ಬಗೆಯದು, ಇಯರ್‌ಫೋನ್, ಕಾರಿನ ಸ್ಪೀಕರ್ ಎಲ್ಲ ಬಳಸುವಂಥದ್ದು. ಮಾತು, ಹಾಡು ಅದರಲ್ಲಿ ಹೋಗುತ್ತದೆ. ಇನ್ನೊಂದು ಬ್ಲೂಟೂತ್ ಲೋ ಎನರ್ಜಿ. 2010ರಲ್ಲಿ ಬ್ಲೂಟೂತ್ 4.0 ಜೊತೆ ಬಂದದ್ದು. ಬಹಳ ಕಡಿಮೆ ಬ್ಯಾಟರಿಯಲ್ಲಿ ಸಣ್ಣ ಸಣ್ಣ ಮಾಹಿತಿ ಕಳಿಸುವುದಕ್ಕೆ ಅಂತಲೇ ಮಾಡಿದ್ದು. ಹೆಜ್ಜೆ, ನಿದ್ದೆ, ನೋಟಿಫಿಕೇಶನ್, ಸಮಯ ಎಲ್ಲ ಹೋಗುವುದು ಈ ಎರಡನೆಯದರಲ್ಲಿ. ಎರಡೂ ಒಂದೇ ವಾಚ್‌ನೊಳಗಿದ್ದರೂ ಒಂದಕ್ಕೊಂದು ಸಂಬಂಧ ಇಲ್ಲ. ಕರೆಯ ಸಂಪರ್ಕ ಹೊಸ ಫೋನ್ ಜೊತೆ, ಹೆಜ್ಜೆಯ ಸಂಪರ್ಕ ಹಳೇ ಫೋನ್ ಜೊತೆ, ಎರಡೂ ಒಂದೇ ಹೊತ್ತಿಗೆ ಇರಬಹುದು. ಬ್ಲೂಟೂತ್ ಪಟ್ಟಿಯಲ್ಲಿ ನಿಮ್ಮ ವಾಚ್ ಎರಡು ಹೆಸರಿನಲ್ಲಿ ಕಾಣುತ್ತದೆಯಾ, ನೋಡಿ. ಎಷ್ಟೋ ವಾಚ್‌ಗಳಲ್ಲಿ ಹಾಗೆ ಕಾಣುತ್ತದೆ. ಸೆಟ್ಟಿಂಗ್ಸ್‌ನಲ್ಲಿ 'ಪೇರ್ಡ್' ಅಂತ ಕಾಣುವುದು ಬಹಳ ಸಲ ಕರೆಯ ಸಂಪರ್ಕದ ವಿಷಯ ಮಾತ್ರ. ಹೆಜ್ಜೆಯ ಬಗ್ಗೆ ಅದು ಏನನ್ನೂ ಹೇಳುವುದಿಲ್ಲ.

ಲೋ ಎನರ್ಜಿಯಲ್ಲಿ ಇನ್ನೊಂದು ಸಂಗತಿ ಇದೆ. ಬೀದಿಯಲ್ಲಿ ಹೂ ಮಾರುವವರು ಕೂಗುತ್ತಾ ಹೋಗುತ್ತಾರಲ್ಲ, ಹಾಗೆ ವಾಚ್ ಕೂಡ 'ನಾನಿಲ್ಲಿದ್ದೇನೆ' ಅಂತ ಆಗಾಗ ಸಣ್ಣ ಸಂಕೇತ ಕಳಿಸುತ್ತಿರುತ್ತದೆ. ಯಾವುದೋ ಒಂದು ಮನೆಯವರು ಕರೆದು ಜಗುಲಿಯಲ್ಲಿ ಕೂರಿಸಿಕೊಂಡರೆ ಕೂಗು ನಿಲ್ಲುತ್ತದೆ. ಈ ಬೆಲೆಯ ವಾಚ್‌ಗಳು ಹೆಚ್ಚಾಗಿ ಒಂದು ಹೊತ್ತಿಗೆ ಒಂದೇ ಫೋನ್ ಜೊತೆ ಸೇರುತ್ತವೆ, ಸೇರಿದ ಕೂಡಲೇ ಸಂಕೇತ ನಿಲ್ಲಿಸುತ್ತವೆ. ಆಮೇಲೆ ಇನ್ನೊಂದು ಫೋನ್ ಎಷ್ಟು ಹುಡುಕಿದರೂ ಅದಕ್ಕೆ ವಾಚ್ ಕಾಣುವುದೇ ಇಲ್ಲ. ಪಕ್ಕದಲ್ಲೇ ಇಟ್ಟರೂ ಕಾಣುವುದಿಲ್ಲ.

ಈಗ ನಿಮ್ಮ ಮನೆಯ ಕಥೆ ಜೋಡಿಸಿ ನೋಡಿ. ಹಳೇ ಫೋನ್‌ನಲ್ಲಿ ಸಿಮ್ ಇಲ್ಲ. ಆದರೆ ವಾಚ್‌ನ ಆ್ಯಪ್ ಇನ್ನೂ ಇದೆ, ಬ್ಲೂಟೂತ್ ಆನ್ ಇದೆ, ಮನೆಯ ವೈಫೈ ಇದೆ. ಅಪ್ಪ ಬೆಳಿಗ್ಗೆ ಹೊಸ ಫೋನ್ ಜೇಬಿನಲ್ಲಿ ಹಾಕಿಕೊಂಡು ಹೊರಟರೆ ಹಳೇ ಫೋನ್‌ನ ಬ್ಲೂಟೂತ್ ಅಳತೆ ದಾಟುತ್ತಾರೆ. ಮನೆಯೊಳಗೆ ಅದು ಹತ್ತು ಮೀಟರ್ ಆಸುಪಾಸು ಅಷ್ಟೇ. ಆಗ ಹಳೇ ಸಂಪರ್ಕ ಕಡಿದು ಹೊಸ ಫೋನ್‌ಗೆ ವಾಚ್ ಸಿಗುತ್ತದೆ. ಮನೆಗೆ ಬಂದು ಫೋನ್ ಚಾರ್ಜಿಗೆ ಹಾಕಿ ಹಿತ್ತಲ ಕಡೆ ಹೋದರೆ ಹೊಸ ಫೋನ್‌ನ ಸಂಪರ್ಕ ಕಡಿಯುತ್ತದೆ, ಅಲ್ಲೇ ಆಡುತ್ತಿರುವ ಮೊಮ್ಮಗನ ಕೈಲಿದ್ದ ಹಳೇ ಫೋನ್ ಮೊದಲು ಹಿಡಿದುಬಿಡುತ್ತದೆ. ನೀವು ಬರೆದದ್ದಕ್ಕೆ ಇದು ಪೂರ್ತಿ ಹೊಂದುತ್ತದೆ, ಅಲ್ವಾ?

ಆದ್ದರಿಂದ ಮೊದಲ ಕೆಲಸ ಹಳೇ ಫೋನ್‌ನಲ್ಲಿ ವಾಚ್‌ನ ಆ್ಯಪ್ ತೆರೆಯುವುದು. ಅಣ್ಣನಿಗೆ ಹೇಳಿ. ತೆರೆದ ಕೂಡಲೇ ಹೋದ ತಿಂಗಳ ಹೆಜ್ಜೆಗಳು ಕಂಡರೆ ನಿಮ್ಮ ಅರ್ಧ ಚಿಂತೆ ಹೋಯಿತು. ಪರದೆಯನ್ನು ಮೇಲಿಂದ ಕೆಳಗೆ ಎಳೆದು ಸಿಂಕ್ ಪೂರ್ತಿಯಾಗುವವರೆಗೆ ಕಾಯಲಿ. ಆ ಫೋನ್ ವೈಫೈನಲ್ಲಿರಲಿ, ಲೆಕ್ಕ ಅಕೌಂಟಿಗೆ ಹೋಗಬೇಕಲ್ಲ. ದಿನ, ವಾರ, ತಿಂಗಳ ಪುಟಗಳ ಸ್ಕ್ರೀನ್‌ಶಾಟ್ ತೆಗೆದು ನಿಮಗೆ ಕಳಿಸಲಿ. ಡಾಕ್ಟರಿಗೆ ತೋರಿಸುವುದಕ್ಕೆ ಅದೇ ಸಾಕು. ಆ ಆ್ಯಪ್‌ನಲ್ಲಿ ಯಾವ ಇಮೇಲ್ ಅಥವಾ ಮೊಬೈಲ್ ನಂಬರಿನಿಂದ ಲಾಗಿನ್ ಆಗಿದೆ ಅಂತಲೂ ಬರೆದಿಟ್ಟುಕೊಳ್ಳಿ. ಇದು ಬಹಳ ಮುಖ್ಯ. ಎರಡು ವರ್ಷದ ಹಿಂದೆ ವಾಚ್ ಹೊಂದಿಸಿಕೊಟ್ಟವರು ನೀವೇ ಆಗಿದ್ದರೆ ಅದು ನಿಮ್ಮ ಇಮೇಲ್ ಇರಬಹುದು, ಹೊಸ ಫೋನ್‌ನಲ್ಲಿ ಅಪ್ಪನ ಹೆಸರಿನಲ್ಲಿ ಹೊಸ ಅಕೌಂಟ್ ತೆರೆದಿರಬಹುದು. ಹಾಗಾದರೆ ಹಳೇ ಲೆಕ್ಕ ಹೊಸ ಫೋನ್‌ನಲ್ಲಿ ಯಾವತ್ತೂ ಕಾಣುವುದಿಲ್ಲ. ಅಕೌಂಟ್ ಬೇರೆ, ಹಾಗಾಗಿ ಪುಸ್ತಕವೂ ಬೇರೆ. ಕೆಲವು ಕಂಪನಿಗಳ ವಾಚ್‌ಗಳಂತೂ ಒಂದು ಅಕೌಂಟಿಗೆ ಬಿಗಿದುಕೊಂಡಿರುತ್ತವೆ, ಇನ್ನೊಂದು ಅಕೌಂಟಿನಿಂದ ಸೇರಿಸಲು ಹೋದರೆ ಒಪ್ಪುವುದಿಲ್ಲ. ಲಾಗಿನ್ ಇಲ್ಲದೆ 'ಗೆಸ್ಟ್' ಆಗಿ ಬಳಸುತ್ತಿದ್ದರೆ ಲೆಕ್ಕ ಆ ಫೋನ್‌ನಲ್ಲಿ ಮಾತ್ರ ಇರುತ್ತದೆ, ಸರ್ವರ್‌ಗೆ ಹೋಗಿರುವುದಿಲ್ಲ. ಆಗ ಸ್ಕ್ರೀನ್‌ಶಾಟ್ ಒಂದೇ ದಾರಿ.

ಇಷ್ಟು ಆದ ಮೇಲೆಯೇ ಹಳೇ ಆ್ಯಪ್‌ನಲ್ಲಿ 'ಅನ್‌ಪೇರ್' ಅಥವಾ 'ಅನ್‌ಬೈಂಡ್' ಒತ್ತಬೇಕು. ಈ ಕ್ರಮ ತಪ್ಪಬಾರದು. ಯಾಕೆಂದರೆ ಹಲವು ವಾಚ್‌ಗಳು ಅನ್‌ಬೈಂಡ್ ಆದ ಕೂಡಲೇ ತಮ್ಮ ಮೆಮೊರಿಯನ್ನೂ ತಾವೇ ಅಳಿಸಿಕೊಳ್ಳುತ್ತವೆ. ಆಮೇಲೆ ಹಳೇ ಫೋನ್‌ನ ಬ್ಲೂಟೂತ್ ಪಟ್ಟಿಯಲ್ಲಿ ವಾಚ್‌ನ ಹೆಸರು ಉಳಿದಿದ್ದರೆ 'ಫರ್ಗೆಟ್' ಮಾಡಿ, ಆ್ಯಪ್ ತೆಗೆದುಹಾಕಿ. ಮಗು ಆಟ ಆಡುವುದಕ್ಕೆ ಬ್ಲೂಟೂತ್ ಬೇಕಾಗಿಲ್ಲ, ಆಫ್ ಮಾಡಿಬಿಡಿ.

ಈಗ ಹೊಸ ಫೋನ್. ಇಲ್ಲೂ ಮೊದಲು ಅಳಿಸುವ ಕೆಲಸ. ಎರಡು ಸಾಧನಗಳು ಪೇರ್ ಆದಾಗ ಇಬ್ಬರ ಹತ್ತಿರವೂ ಒಂದು ಗುಟ್ಟಿನ ಕೀಲಿ ಉಳಿಯುತ್ತದೆ. ಮುಂದಿನ ಸಲ ಕೀಲಿ ಹೊಂದಿದರೆ ಬಾಗಿಲು ತೆರೆಯುತ್ತದೆ. ಒಂದು ಕಡೆ ಮಾತ್ರ ಅಳಿಸಿದರೆ ಬೀಗ ಬದಲಾಗಿ ಹಳೇ ಕೀಲಿ ಕೈಯಲ್ಲಿ ಉಳಿದ ಹಾಗೆ. ಕನೆಕ್ಟಿಂಗ್, ಕನೆಕ್ಟಿಂಗ್ ಅಂತ ಸುತ್ತುತ್ತಾ ಇರುತ್ತದೆ, ಮುಂದೆ ಹೋಗುವುದಿಲ್ಲ. ಹಾಗಾಗಿ ಹೊಸ ಫೋನ್‌ನ ಬ್ಲೂಟೂತ್ ಪಟ್ಟಿಯಲ್ಲಿ ವಾಚ್‌ಗೆ ಸಂಬಂಧಿಸಿದ ಎಲ್ಲ ಹೆಸರುಗಳನ್ನೂ 'ಫರ್ಗೆಟ್' ಮಾಡಿ. ಆ್ಯಪ್ ಒಳಗಿಂದಲೂ ವಾಚನ್ನು ತೆಗೆಯಿರಿ. ಅಲ್ಲಿ ಒಂದೆರಡು ದಿನದ ವಾಕಿಂಗ್ ಲೆಕ್ಕ ಬಂದಿದ್ದರೆ ಅದರ ಸ್ಕ್ರೀನ್‌ಶಾಟ್ ಕೂಡ ಮೊದಲೇ ತೆಗೆಯಿರಿ. ಆಮೇಲೆ ಫೋನ್ ಆಫ್ ಮಾಡಿ ಆನ್ ಮಾಡಿ, ವಾಚ್ ಕೂಡ ಹಾಗೇ. ಇದು ಸುಮ್ನೆ ಹೇಳುವ ಮಾತಲ್ಲ. ಫೋನ್‌ನೊಳಗಿನ ಬ್ಲೂಟೂತ್ ಸೇವೆ ಎಲ್ಲೋ ಸಿಕ್ಕಿಹಾಕಿಕೊಂಡಿದ್ದರೆ ಆ ಪುಟ್ಟ ಬಟನ್ ಆಫ್ ಆನ್ ಮಾಡಿದಾಗ ಪ್ರತಿಸಲ ಬಿಡಿಸಿಕೊಳ್ಳುವುದಿಲ್ಲ, ಫೋನ್ ಪೂರ್ತಿ ಆಫ್ ಆಗಬೇಕು.

ನೀವು ಬೆಂಗಳೂರಿನಿಂದ ಹೇಳಿಕೊಡುವವರು, ಹಾಗಾಗಿ ಒಂದು ಸಣ್ಣ ಮಾತು: ಅಣ್ಣನ ಫೋನಿಗೆ ವಿಡಿಯೋ ಕಾಲ್ ಮಾಡಿ, ಅಪ್ಪನ ಫೋನಿಗೆ ಬೇಡ. ಅದು ಮಧ್ಯೆ ಆಫ್ ಆಗಲೇಬೇಕು.

ಆನ್ ಆದ ಮೇಲೆ ಬ್ಲೂಟೂತ್ ಸೆಟ್ಟಿಂಗ್ಸ್‌ಗೆ ಹೋಗಿ ವಾಚ್ ಸೇರಿಸಬೇಡಿ. ಎಲ್ಲರೂ ಮಾಡುವ ತಪ್ಪು ಇದು, ಅಂಗಡಿಗಳಲ್ಲೂ ಹೀಗೇ ಮಾಡಿಕೊಡುತ್ತಾರೆ. ಅಲ್ಲಿ ಸೇರಿಸಿದರೆ ಕರೆಯ ಸಂಪರ್ಕ ಮಾತ್ರ ಆಗಿ ಹೆಜ್ಜೆಯ ಸಂಪರ್ಕ ಬಾಕಿ ಉಳಿಯಬಹುದು. ಯಾವಾಗಲೂ ವಾಚ್‌ನ ಆ್ಯಪ್ ಒಳಗೆ ಹೋಗಿ 'ಆ್ಯಡ್ ಡಿವೈಸ್' ಒತ್ತಿ ಸೇರಿಸಬೇಕು. ಕರೆಗೆ ಬೇಕಾದ ಎರಡನೇ ಪೇರಿಂಗನ್ನು ಆ್ಯಪ್ ತಾನೇ ಕೇಳುತ್ತದೆ, ಇಲ್ಲವೇ ಆಮೇಲೆ ನೀವೇ ಮಾಡಬಹುದು.

ಆ್ಯಪ್ ಯಾವುದು ಅನ್ನುವುದೂ ಮುಖ್ಯ. ಒಂದೇ ಬ್ರ್ಯಾಂಡಿನ ಬೇರೆ ಬೇರೆ ಮಾಡೆಲ್‌ಗಳಿಗೆ ಬೇರೆ ಬೇರೆ ಆ್ಯಪ್ ಇರುವುದುಂಟು. ವಾಚ್‌ನ ಸೆಟ್ಟಿಂಗ್ಸ್‌ನಲ್ಲಿ ಕ್ಯೂಆರ್ ಕೋಡ್ ಇದ್ದರೆ ಅದನ್ನು ಸ್ಕ್ಯಾನ್ ಮಾಡಿ ಹೆಸರು ನೋಡಿಕೊಳ್ಳಿ. ಆದರೆ ಇನ್‌ಸ್ಟಾಲ್ ಮಾಡುವುದು ಪ್ಲೇ ಸ್ಟೋರ್‌ನಿಂದಲೇ ಇರಲಿ. ಕೆಲವು ಕ್ಯೂಆರ್ ಕೋಡ್‌ಗಳು ನೇರ ಎಪಿಕೆ ಫೈಲ್, ಅಂದರೆ ಪ್ಲೇ ಸ್ಟೋರ್ ಇಲ್ಲದೆ ಆ್ಯಪ್ ಹಾಕುವ ಫೈಲ್, ಇಳಿಸುವ ಪುಟಕ್ಕೆ ಕರೆದೊಯ್ಯುತ್ತವೆ. ಆಂಡ್ರಾಯ್ಡ್ 13ರಿಂದ ಈಚೆಗೆ ಹಾಗೆ ಹೊರಗಿನಿಂದ ಹಾಕಿದ ಆ್ಯಪ್‌ಗೆ ನೋಟಿಫಿಕೇಶನ್ ಓದುವ ಅನುಮತಿಯನ್ನು ಫೋನ್ ತಡೆದು ಹಿಡಿಯುತ್ತದೆ, 'ರಿಸ್ಟ್ರಿಕ್ಟೆಡ್ ಸೆಟ್ಟಿಂಗ್' ಅಂತ ಹೇಳುತ್ತದೆ. ಅಪ್ಪನ ಫೋನ್‌ಗೆ ಬರುವ ಎಸ್‌ಎಂಎಸ್, ಒಟಿಪಿ ಎಲ್ಲ ಓದಬಲ್ಲ ಅನುಮತಿ ಅದು. ತಡೆದದ್ದು ಒಳ್ಳೆಯದೇ. ಪ್ಲೇ ಸ್ಟೋರ್‌ನಲ್ಲಿ ಆ ಆ್ಯಪ್ ಇದ್ದರೆ ಅಲ್ಲಿಂದಲೇ ಹಾಕಿ.

ಸೇರಿಸುವಾಗ ಆ್ಯಪ್ ಒಂದರ ಹಿಂದೆ ಒಂದು ಅನುಮತಿ ಕೇಳುತ್ತದೆ. ಹೆದರಿ ಎಲ್ಲದಕ್ಕೂ ಬೇಡ ಅಂದರೆ ಸಿಂಕ್ ಆಗುವುದಿಲ್ಲ. ಬೇಕಾದದ್ದು ಯಾವುದು ಅಂತ ಹೇಳುತ್ತೇನೆ. ಆಂಡ್ರಾಯ್ಡ್ 12 ಬಂದದ್ದು 2021ರಲ್ಲಿ. ಅಲ್ಲಿಂದ ಈಚಿನ ಫೋನ್‌ಗಳಲ್ಲಿ 'ನಿಯರ್‌ಬೈ ಡಿವೈಸಸ್' ಅನ್ನುವ ಅನುಮತಿ ಕೊಡಲೇಬೇಕು. ಫೋನ್ ಕನ್ನಡದಲ್ಲಿದ್ದರೆ ಸಮೀಪದ ಸಾಧನಗಳು ಅನ್ನುವ ಅರ್ಥದ ಹೆಸರಿರುತ್ತದೆ. ಇದಿಲ್ಲದೆ ಆ್ಯಪ್‌ಗೆ ವಾಚ್ ಹುಡುಕುವ ಹಕ್ಕೇ ಇರುವುದಿಲ್ಲ. ಅದಕ್ಕಿಂತ ಹಳೇ ಫೋನ್ ಆದರೆ, ಅಂದರೆ ಆಂಡ್ರಾಯ್ಡ್ 6ರಿಂದ 11ರವರೆಗೆ, ಲೊಕೇಶನ್ ಅನುಮತಿಯೂ ಬೇಕು, ಮೇಲಿನ ಲೊಕೇಶನ್ ಬಟನ್ ಕೂಡ ಆನ್ ಇರಬೇಕು. ಹೆಜ್ಜೆ ಎಣಿಸುವುದಕ್ಕೆ ಲೊಕೇಶನ್ ಯಾಕೆ ಅಂತ ಬಹಳ ಜನ ಕೇಳುತ್ತಾರೆ. ಸುತ್ತಮುತ್ತ ಯಾವ ಬ್ಲೂಟೂತ್ ಸಾಧನಗಳಿವೆ ಅಂತ ಗೊತ್ತಾದರೆ ನೀವು ಎಲ್ಲಿದ್ದೀರಿ ಅಂತ ಅಂದಾಜು ಮಾಡಬಹುದು. ಅದಕ್ಕೇ ಗೂಗಲ್ ಎರಡನ್ನೂ ಒಂದೇ ಅನುಮತಿಯಲ್ಲಿ ಕಟ್ಟಿತ್ತು, ಆಮೇಲೆ 12ರಲ್ಲಿ ಬೇರೆ ಮಾಡಿತು. ಕಾಂಟ್ಯಾಕ್ಟ್ಸ್ ಅನುಮತಿ ಕರೆ ಮಾಡಿದವರ ಹೆಸರು ತೋರಿಸುವುದಕ್ಕೆ. ಹೆಜ್ಜೆಗೆ ಅದು ಬೇಕಾಗಿಲ್ಲ. ಗ್ಯಾಲರಿ, ಫೈಲ್‌ಗಳಂತೂ ವಾಚ್‌ನ ಮುಖಪುಟಕ್ಕೆ ಮೊಮ್ಮಗನ ಫೋಟೋ ಹಾಕುವುದಿದ್ದರೆ ಮಾತ್ರ.

ಇಷ್ಟಾದರೆ ಕನೆಕ್ಟ್ ಆಗುತ್ತದೆ. ಆದರೆ ಎರಡು ದಿನ ಬಿಟ್ಟು ನೀವು ಮತ್ತೆ ಬರೆಯುವಂತಾಗಬಾರದು. ಅದಕ್ಕೆ ಬ್ಯಾಟರಿಯ ವಿಷಯ ಈಗಲೇ ಹೇಳಿಬಿಡುತ್ತೇನೆ.

ಆಂಡ್ರಾಯ್ಡ್ 2015ರಿಂದ, ಅಂದರೆ ಆವೃತ್ತಿ 6ರಿಂದ, ಸುಮ್ಮನೆ ಬಿದ್ದಿರುವ ಫೋನ್‌ನಲ್ಲಿ ಆ್ಯಪ್‌ಗಳನ್ನು ಮಲಗಿಸುತ್ತದೆ. ನಮ್ಮಲ್ಲಿ ಹೆಚ್ಚು ಮಾರಾಟವಾಗುವ ಫೋನ್ ಕಂಪನಿಗಳು ಅದರ ಮೇಲೆ ತಮ್ಮದೇ ಕಟ್ಟುನಿಟ್ಟು ಸೇರಿಸಿವೆ. ಹಿನ್ನೆಲೆಯಲ್ಲಿ ಓಡುವ ಆ್ಯಪ್ ಕಂಡರೆ ಮುಚ್ಚಿಬಿಡುತ್ತವೆ, ಬ್ಯಾಟರಿ ಜಾಸ್ತಿ ಬರಲಿ ಅಂತ. ವಾಚ್‌ನ ಆ್ಯಪ್ ಬದುಕುವುದೇ ಹಿನ್ನೆಲೆಯಲ್ಲಿ. ಅದನ್ನು ಮುಚ್ಚಿದರೆ ಸಂಪರ್ಕ ಹೋಯಿತು. ಬೆಳಿಗ್ಗೆ ಸರಿ ಇತ್ತು, ಮಧ್ಯಾಹ್ನಕ್ಕೆ ಹೋಗಿದೆ, ಆ್ಯಪ್ ತೆರೆದರೆ ಮತ್ತೆ ಬಂತು ಅನ್ನುವ ದೂರು ಬಂದರೆ ನಾನು ಮೊದಲು ನೋಡುವುದೇ ಇದನ್ನು. ಸೆಟ್ಟಿಂಗ್ಸ್‌ನಲ್ಲಿ ಆ್ಯಪ್‌ಗಳ ಪಟ್ಟಿಗೆ ಹೋಗಿ, ವಾಚ್‌ನ ಆ್ಯಪ್ ಆರಿಸಿ, ಬ್ಯಾಟರಿ ಅಂತ ಇರುವಲ್ಲಿ 'ಅನ್‌ರಿಸ್ಟ್ರಿಕ್ಟೆಡ್' ಅಥವಾ 'ನೋ ರಿಸ್ಟ್ರಿಕ್ಷನ್ಸ್' ಮಾಡಿ. ರೆಡ್ಮಿ, ಪೋಕೋ ಫೋನ್ ಆದರೆ ಇದರ ಜೊತೆ 'ಆಟೋಸ್ಟಾರ್ಟ್' ಕೂಡ ಆನ್ ಮಾಡಬೇಕು, ಇಲ್ಲದಿದ್ದರೆ ಫೋನ್ ಒಮ್ಮೆ ಆಫ್ ಆಗಿ ಆನ್ ಆದ ಮೇಲೆ ಆ್ಯಪ್ ತಾನಾಗಿ ಏಳುವುದಿಲ್ಲ. ಒಪ್ಪೋ, ರಿಯಲ್‌ಮಿಯಲ್ಲಿ 'ಆಟೋ ಲಾಂಚ್' ಅಂತ ಹೆಸರು. ಸ್ಯಾಮ್‌ಸಂಗ್‌ನಲ್ಲಿ ಬ್ಯಾಟರಿಯ ಒಳಗೆ ಮಲಗುವ ಆ್ಯಪ್‌ಗಳ ಪಟ್ಟಿ ಇದೆ. ಅಲ್ಲಿ ವಾಚ್‌ನ ಆ್ಯಪ್ ಇದ್ದರೆ ತೆಗೆದು, ಎಂದೂ ಮಲಗಬಾರದ ಆ್ಯಪ್‌ಗಳ ಪಟ್ಟಿಗೆ ಸೇರಿಸಿ.

ಇನ್ನೊಂದು ಅಭ್ಯಾಸ ಇದೆ. ನಮ್ಮ ಹಿರಿಯರಲ್ಲಿ ಬಹಳ ಜನ ಫೋನ್ ನೋಡಿ ಮುಗಿದ ಮೇಲೆ ತೆರೆದಿದ್ದ ಎಲ್ಲವನ್ನೂ 'ಕ್ಲಿಯರ್ ಆಲ್' ಮಾಡಿ ಇಡುತ್ತಾರೆ. ಮನೆಯ ದೀಪ ಆರಿಸಿ ಮಲಗುವ ಹಾಗೆ ಅದೊಂದು ಶಿಸ್ತು. ತಪ್ಪು ಅಂತ ಬೈಯಬೇಡಿ. ಆ ಪಟ್ಟಿಯಲ್ಲಿ ವಾಚ್‌ನ ಆ್ಯಪನ್ನು ಬೀಗದ ಗುರುತು ಒತ್ತಿ ಲಾಕ್ ಮಾಡಿಕೊಡಿ. ಎಷ್ಟೋ ಫೋನ್‌ಗಳಲ್ಲಿ ಈ ಸೌಲಭ್ಯ ಇದೆ. ಆಮೇಲೆ ಅಪ್ಪ ಎಷ್ಟು ಸಲ ಕ್ಲಿಯರ್ ಮಾಡಿದರೂ ಅದೊಂದು ಉಳಿಯುತ್ತದೆ.

ಇಷ್ಟರ ನಂತರವೂ ಹೊಸ ಫೋನ್‌ಗೆ ವಾಚ್ ಕಾಣುವುದೇ ಇಲ್ಲ ಅಂದರೆ ಊಹೆ ಮಾಡುತ್ತಾ ಕೂರುವುದು ಬೇಡ, ಕಣ್ಣಾರೆ ನೋಡಬಹುದು. ಪ್ಲೇ ಸ್ಟೋರ್‌ನಲ್ಲಿ 'ಎನ್‌ಆರ್‌ಎಫ್ ಕನೆಕ್ಟ್' ಅಂತ ಒಂದು ಉಚಿತ ಆ್ಯಪ್ ಇದೆ. ನಾರ್ಡಿಕ್ ಸೆಮಿಕಂಡಕ್ಟರ್ ಅನ್ನುವ ನಾರ್ವೆಯ ಚಿಪ್ ಕಂಪನಿಯದು, ನಾನು ದಿನಾ ಬಳಸುತ್ತೇನೆ. ಸ್ಕ್ಯಾನ್ ಒತ್ತಿದರೆ ಸುತ್ತಮುತ್ತ ಸಂಕೇತ ಕಳಿಸುತ್ತಿರುವ ಲೋ ಎನರ್ಜಿ ಸಾಧನಗಳೆಲ್ಲ ಪಟ್ಟಿಯಾಗುತ್ತವೆ. ಪ್ರತಿಯೊಂದರ ಪಕ್ಕ ಮೈನಸ್ ಗುರುತಿನ ಒಂದು ಸಂಖ್ಯೆ ಇರುತ್ತದೆ, ಸಂಕೇತ ಎಷ್ಟು ಗಟ್ಟಿ ಇದೆ ಅನ್ನುವುದರ ಅಳತೆ ಅದು. ವಾಚ್ ಪಕ್ಕದಲ್ಲೇ ಇದ್ದಾಗ ಮೈನಸ್ 50, 60ರ ಹತ್ತಿರ ಇದ್ದರೆ ಚೆನ್ನಾಗಿದೆ. ಪಕ್ಕದಲ್ಲಿಟ್ಟರೂ ಮೈನಸ್ 90 ತೋರಿಸಿದರೆ ವಾಚ್‌ನ ಆಂಟೆನಾ ಅಥವಾ ಬ್ಯಾಟರಿಯಲ್ಲಿ ತೊಂದರೆ ಇರಬಹುದು. ಹೆಸರು ಗಟ್ಟಿಯಾಗಿ ಕಂಡರೆ ವಾಚ್ ತನ್ನ ಕೆಲಸ ಮಾಡುತ್ತಿದೆ, ದೋಷ ಆ್ಯಪ್ ಅಥವಾ ಅನುಮತಿಯಲ್ಲಿದೆ. ಕಾಣಲೇ ಇಲ್ಲ ಅಂದರೆ ಇನ್ನೂ ಯಾವುದೋ ಫೋನ್ ಅದನ್ನು ಹಿಡಿದುಕೊಂಡಿದೆ. ಮನೆಯಲ್ಲಿರುವ ಎಲ್ಲ ಫೋನ್, ಟ್ಯಾಬ್‌ಗಳ ಬ್ಲೂಟೂತ್ ಆಫ್ ಮಾಡಿ ಮತ್ತೆ ನೋಡಿ. ವಾಚ್ ಪವರ್ ಸೇವಿಂಗ್‌ನಲ್ಲಿ ಇಲ್ಲ, ಏರ್‌ಪ್ಲೇನ್ ಮೋಡ್‌ನಲ್ಲಿ ಇಲ್ಲ ಅಂತಲೂ ಖಚಿತ ಮಾಡಿಕೊಳ್ಳಿ. ಚಾರ್ಜ್ ತೀರಾ ಕಡಿಮೆಯಾದಾಗ ಕೆಲವು ವಾಚ್‌ಗಳು ಗಂಟೆ ತೋರಿಸುವುದು ಬಿಟ್ಟು ಉಳಿದದ್ದೆಲ್ಲ ನಿಲ್ಲಿಸುತ್ತವೆ.

ಕೊನೆಯ ಮೆಟ್ಟಿಲು ಎರಡು. ಒಂದು, ಫೋನ್‌ನ ವೈಫೈ ಮತ್ತು ಬ್ಲೂಟೂತ್ ಸೆಟ್ಟಿಂಗ್ಸ್ ಮಾತ್ರ ರೀಸೆಟ್ ಮಾಡುವುದು. ಫೋಟೋ, ಕಾಂಟ್ಯಾಕ್ಟ್ ಏನೂ ಹೋಗುವುದಿಲ್ಲ. ಆದರೆ ವೈಫೈ ಪಾಸ್‌ವರ್ಡ್‌ಗಳು, ಇಯರ್‌ಫೋನ್ ಪೇರಿಂಗ್ ಎಲ್ಲ ಹೋಗುತ್ತವೆ. ವೈಫೈ ಪಾಸ್‌ವರ್ಡ್ ಕೈಯಲ್ಲಿಟ್ಟುಕೊಂಡು ಮಾಡಿ. ಇನ್ನೊಂದು ವಾಚ್‌ನ ಫ್ಯಾಕ್ಟರಿ ರೀಸೆಟ್. ಲೆಕ್ಕ ಎಲ್ಲ ಎತ್ತಿಟ್ಟುಕೊಂಡ ಮೇಲೆ ಇದನ್ನು ಮಾಡುವುದಕ್ಕೆ ನನ್ನ ಅಡ್ಡಿಯಿಲ್ಲ. ಅದಾದ ಮೇಲೂ ಮನೆಯ ಯಾವ ಫೋನ್‌ಗೂ ವಾಚ್ ಸಿಗದಿದ್ದರೆ ಆಗ ಅಂಗಡಿಯವರ ಮಾತು ಒಪ್ಪಬಹುದು. ವಾಚ್‌ನ ಗಾಜು ಒಂದು ಕಡೆ ಎದ್ದ ಹಾಗೆ ಕಂಡರೆ ಮಾತ್ರ ಈ ಯಾವ ಪರೀಕ್ಷೆಯೂ ಬೇಡ. ಬ್ಯಾಟರಿ ಉಬ್ಬಿರಬಹುದು, ಅಪ್ಪನ ಕೈಯಿಂದ ತಕ್ಷಣ ತೆಗೆಸಿ, ಚಾರ್ಜಿಗೆ ಹಾಕಬೇಡಿ.

ಐಫೋನ್‌ಗೆ ಬದಲಾದವರೂ ಇದೇ ಪ್ರಶ್ನೆ ಕೇಳುತ್ತಿರುತ್ತಾರೆ, ಅವರಿಗೆ ಎರಡು ಮಾತು. 2021ರ ಗ್ಯಾಲಕ್ಸಿ ವಾಚ್ 4 ಮತ್ತು ನಂತರದವು ಐಫೋನ್ ಜೊತೆ ಸೇರುವುದೇ ಇಲ್ಲ. ಆ್ಯಪಲ್ ವಾಚ್ ಆಂಡ್ರಾಯ್ಡ್ ಜೊತೆ ಸೇರುವುದಿಲ್ಲ. ಇವುಗಳಲ್ಲಿ ಎಷ್ಟು ಹುಡುಕಿದರೂ ದೋಷ ಸಿಗುವುದಿಲ್ಲ, ಮಾಡಿದ್ದೇ ಹಾಗೆ. ಬೇರೆ ವಾಚ್ ಐಫೋನ್ ಜೊತೆ ಇದ್ದರೆ ಅದರ ಆ್ಯಪನ್ನು ಮೇಲಕ್ಕೆ ಎಳೆದು ಮುಚ್ಚಬೇಡಿ. ಮುಚ್ಚಿದರೆ ನೀವೇ ಮತ್ತೆ ತೆರೆಯುವವರೆಗೆ ಸಿಂಕ್ ನಿಂತಿರುತ್ತದೆ.

ಕನ್ನಡ ಸಂದೇಶದ ಬಗ್ಗೆಯೂ ಹೇಳಿಬಿಡುತ್ತೇನೆ, ನಿಮ್ಮ ಮನೆಯಲ್ಲೂ ಈ ಪ್ರಶ್ನೆ ಬಂದೀತು. ವಾಟ್ಸಾಪ್ ಸಂದೇಶ ವಾಚ್‌ಗೆ ಬರುತ್ತದೆ, ಆದರೆ ಬರೀ ಚೌಕಗಳು ಕಾಣುತ್ತವೆ ಅಂದರೆ ಅದು ಸಿಂಕ್ ತೊಂದರೆ ಅಲ್ಲ. ಸಂದೇಶ ಸರಿಯಾಗಿಯೇ ತಲುಪಿದೆ, ವಾಚ್‌ನೊಳಗೆ ಕನ್ನಡ ಅಕ್ಷರಗಳ ಫಾಂಟ್ ಇಲ್ಲ. ಅಪ್ಪನಂಥವರಿಗೆ ಬರುವ ಸಂದೇಶಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಕನ್ನಡದಲ್ಲೇ ಇರುತ್ತವೆ. ಅವರಿಗೆ ಮಾರುವ ವಾಚ್‌ನಲ್ಲಿ ಕನ್ನಡ ಇರಲೇಬೇಕು ಅಂತ ನಾನು ನಂಬಿದ್ದೇನೆ. ಮುಂದೆ ಯಾವತ್ತಾದರೂ ಹೊಸ ವಾಚ್ ತಗೊಳ್ಳುವಾಗ ಅಂಗಡಿಯಲ್ಲೇ ನಿಮ್ಮ ಫೋನಿಗೆ ಪೇರ್ ಮಾಡಿ, ಒಂದು ಕನ್ನಡ ಸಂದೇಶ ಕಳಿಸಿ ನೋಡಿ ತಗೊಳ್ಳಿ.

ಡಾಕ್ಟರ್ ಹತ್ತಿರ ಹೋಗುವಾಗ ಹೆಜ್ಜೆ ಲೆಕ್ಕ ಖಂಡಿತ ತೋರಿಸಿ, ಹಾರ್ಟ್ ರೇಟ್ ಕೂಡ ಅಂದಾಜಿಗೆ ತೋರಿಸಬಹುದು. ವಾಚ್‌ನಲ್ಲಿ ಬಿಪಿ ಅಂತ ಬರುವ ಸಂಖ್ಯೆ ನೋಡಿ ಮಾತ್ರ ಮಾತ್ರೆ ಹೆಚ್ಚು ಕಡಿಮೆ ಮಾಡಬೇಡಿ, ತೋಳಿಗೆ ಪಟ್ಟಿ ಕಟ್ಟಿ ನೋಡುವ ಮಷೀನಿನ ಲೆಕ್ಕವೇ ಬೇಕು. ಸಕ್ಕರೆ ಅಳೆಯುತ್ತೇನೆ ಅನ್ನುವ ವಾಚನ್ನಂತೂ ನಂಬಲೇಬೇಡಿ. ಚರ್ಮ ಚುಚ್ಚದೆ ಸಕ್ಕರೆ ಅಳೆಯುವ ಯಾವ ವಾಚ್‌ಗೂ, ಉಂಗುರಕ್ಕೂ ತಾನು ಒಪ್ಪಿಗೆ ಕೊಟ್ಟಿಲ್ಲ ಅಂತ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2024ರ ಫೆಬ್ರುವರಿಯಲ್ಲಿ ಎಚ್ಚರಿಕೆ ಕೊಟ್ಟಿತ್ತು.

ಇವತ್ತು ಸಂಜೆ ಅಣ್ಣನಿಗೆ ಫೋನ್ ಮಾಡಿ ಹಳೇ ಫೋನ್‌ನಲ್ಲಿ ಆ್ಯಪ್ ತೆರೆಸಿ ನೋಡಿ. ಆಮೇಲೆ ಹೊಸ ಫೋನ್‌ಗೆ ಸೇರಿಸಿದಾಗ ಮೊದಲ ಸಿಂಕ್ ನಿಧಾನವಾಗಿರುತ್ತದೆ. ಹೊಸ ಫರ್ಮ್‌ವೇರ್, ಅಂದರೆ ವಾಚ್‌ನೊಳಗಿನ ಸಾಫ್ಟ್‌ವೇರ್, ಇದೆ, ಹಾಕಲಾ ಅಂತ ಕೇಳಿದರೆ ವಾಚ್ ಅರ್ಧಕ್ಕಿಂತ ಜಾಸ್ತಿ ಚಾರ್ಜ್ ಆದ ಮೇಲೆ ಒಪ್ಪಿಕೊಳ್ಳಿ, ಮಧ್ಯೆ ಸಂಪರ್ಕ ಕಡಿದರೆ ವಾಚ್ ಅಲ್ಲೇ ನಿಂತುಬಿಡುವ ಅಪಾಯ ಇದೆ. ಆ ಹತ್ತು ಹದಿನೈದು ನಿಮಿಷ ಫೋನ್‌ನ ಪರದೆ ಆರದಿರಲಿ, ಅಪ್ಪ ಅದರ ಪಕ್ಕದಲ್ಲೇ ಕೂತಿರಲಿ.